ಮೂವತ್ತೊಂದು ಚೌಕ

ನನ್ನ ಕೆಲಸ ಕೇಳುವುದು.
ಉದ್ದ ಕೋಲಿನ ತುದಿಗೆ ಮೈಕು, ಮೈಕಿಗೊಂದು ಬೂದು ತುಪ್ಪಳ.
ಟಾಕೊರಾಡಿಯ ದುಂಡು ಮಾರುಕಟ್ಟೆಯಲ್ಲಿ
ಸತ್ತ ಬೆಕ್ಕನ್ನು ಬಿಸಿಲಿಗೆ ಹಿಡಿದವನ ಹಾಗೆ
ಬೆಳಗಿನ ಆರರಿಂದ ನಿಂತಿದ್ದೆ.

ಆ್ಯಪು ಇನ್ನೂ ಹುಟ್ಟಿಲ್ಲ.
ಫೋನಿನ ತುಂಬ ಬರೀ ಹಸಿರು;
ಅಂಕಿ, ಗುಂಡಿ, ನಗುವ ನಾಣ್ಯ ಎಲ್ಲವನ್ನೂ
ಆಮೇಲೆ ಅಕ್ರಾದಲ್ಲಿ ಕೂತು ಅಂಟಿಸುತ್ತಾರಂತೆ.
ಕೆಂಕಿ ಮಾರುವವಳಾಗಿ ಬಂದ ನಟಿ
ಆ ಹಸಿರನ್ನೇ ನೋಡಿ ಕಣ್ಣರಳಿಸಬೇಕು.
ಅರಳಿಸಿದಳು. ಹನ್ನೊಂದು ಸಲ.
ಜೋಳದ ಉಂಡೆ ನಿಜವಾಗಿ ಬೇಯಿಸಿ ಮಾರುವವಳನ್ನು
ಫ್ರೇಮಿನಾಚೆ ಕೂರಿಸಿದ್ದರು,
ಹಬೆ ಲೆನ್ಸಿಗೆ ಹೊಡೆಯುತ್ತದೆಂದು.

ಮುಂದೆ ‘ನಿನ್ನೆ’ ಎಂಬ ದೃಶ್ಯ. ಅದಕ್ಕೊಬ್ಬ ಹಳೆಯ ಕಾಲದವನು ಬೇಕು.
ಸಿಕ್ಕಿದ, ಅಲ್ಲೇ, ಬಟ್ಟೆ ಸಾಲಿನ ತಿರುವಿನಲ್ಲಿ:
ಕಂತು ಕೂಡಿಸುವ ಎಬೊ ಕ್ವಾನ್ಸಾ,
ಖಾಕಿ ಚೀಲ, ಕಿವಿಗೆ ಸಿಕ್ಕಿಸಿದ ಪೆನ್ನು.
ಇಪ್ಪತ್ತಾರು ವರ್ಷದಿಂದ ದಿನವೂ
ಅಂಗಡಿಯಿಂದ ಅಂಗಡಿಗೆ ಹೋಗಿ
ಐದೋ ಹತ್ತೋ ಸೆಡಿ ಇಸಿದುಕೊಂಡು
ಹಳದಿ ಚೀಟಿಯ ಒಂದು ಚೌಕಕ್ಕೆ ಒಂದು ಗೆರೆ.
ಮೂವತ್ತೊಂದು ತುಂಬಿದ ದಿನ
ಮೂವತ್ತರದು ಅವರಿಗೆ, ಒಂದರದು ಇವನಿಗೆ.
ಲೆಕ್ಕ ಅಷ್ಟೇ.
ನನ್ನ ಮೊದಲ ಶಾಲೆ ಬೂಟು ಕೂಡ
ಎಡದ್ದು ಹದಿನೈದು ಚೌಕ, ಬಲದ್ದು ಹದಿನೈದು.

‘ನಾನೇನು ಮಾಡಬೇಕು?’
‘ಏನಿಲ್ಲ ಚಿಕ್ಕಪ್ಪ’ ಎಂದಳು ನಿರ್ದೇಶಕಿ ಸೆನಾಮ್,
‘ಚೀಲ ಎತ್ತಿಕೊಂಡು ಓಡಿ.
ಜನರ ದುಡ್ಡು ನುಂಗಿದವರ ಹಾಗೆ.’
ಎಬೊ ಯೋಚಿಸಿದ. ಬೇಜಾರಾದಂತೇನೂ ಕಾಣಲಿಲ್ಲ.
‘ಓಡಿ ಗೊತ್ತಿಲ್ಲವಲ್ಲ ಮಗಳೇ.
ಹೇಗೆಂದು ನೀನೇ ತೋರಿಸು.’
ಸೆನಾಮ್ ಚೀಲವನ್ನು ಬಗಲಿಗೆ ಅವುಚಿ ಓಡಿ ತೋರಿಸಿದಳು,
ಹಿಂದೆ ಹಿಂದೆ ನೋಡುತ್ತ,
ಮೀನಿನ ಬುಟ್ಟಿಗೆ ಎಡವುತ್ತ.
ಮಾರುಕಟ್ಟೆ ನಕ್ಕಿತು.
ನನ್ನ ಯಂತ್ರದ ಸೂಜಿ ಕೆಂಪಿಗೆ ಹಾರಿತು.

ಟೇಕ್ ಒಂದು. ಎಬೊ ಓಡಿದ.
‘ಮೆಲ್ಲಗೆ ಎಬೊ, ನೆಲ ಜಾರುತ್ತೆ’ ಎಂದಳು ಟೊಮೇಟೊದವಳು.
ಟೇಕ್ ಎರಡು. ‘ಯಾರಿಗೇನಾಯ್ತು?’ ಎಂದು ದರ್ಜಿ
ಅರ್ಧ ತೋಳು ಹೊಲಿದಿದ್ದ ಅಂಗಿ ಬಿಟ್ಟು ಅವನ ಜೊತೆಗೇ ಓಡಿದ.
ಮೂರರಲ್ಲಿ ಆಡು ಬಂತು.
ನಾಲ್ಕರಲ್ಲಿ ಒಣಮೆಣಸಿನ ಮುದುಕಿ ಅಡ್ಡಗಟ್ಟಿ
ಸೊಂಟದ ಗಂಟು ಬಿಚ್ಚಿ
‘ನನ್ನದನ್ನು ಬಿಟ್ಟೇ ಹೋಗ್ತೀಯಲ್ಲ’ ಎಂದು
ಐದು ಸೆಡಿ ಅವನ ಮುಷ್ಟಿಗೆ ತುರುಕಿದಳು.
ನಿಂತ. ಚೀಟಿ ಹುಡುಕಿದ. ಪೆನ್ನು ತೆಗೆದು ಗೆರೆ ಎಳೆದ.
ಮತ್ತೆ ಓಡಿದ, ಹೇಳಿಕೊಟ್ಟ ಹಾಗೆಯೇ.

‘ಒಬ್ಬರಾದರೂ ಕಳ್ಳ ಎಂದು ಕೂಗಿ, ದಮ್ಮಯ್ಯ!’
ಕೂಗಲಿಕ್ಕೆ ಇಬ್ಬರು ಬಾಡಿಗೆ ಹುಡುಗರು ಬಂದರು.
ಕೂಗಿದರು.
ಟೊಮೇಟೊದವಳು ಎದ್ದು ಹೋಗಿ ಅವರ ಕಿವಿ ಹಿಂಡಿದಳು.
ಮಧ್ಯಾಹ್ನದ ಹೊತ್ತಿಗೆ
‘ನಿನ್ನೆ’ಯನ್ನೇ ಕೈಬಿಟ್ಟರು.

ವಾರದ ಮೇಲೆ ಅಕ್ರಾದಿಂದ ಕೇಳಿದರು:
‘ಹಣ ಜಮೆಯಾಯಿತು’ ಎನ್ನಲು ಒಂದು ಸದ್ದು ಬೇಕು.
ಗಂಟೆ ಕಳಿಸಿದೆ. ಹಕ್ಕಿ ಕಳಿಸಿದೆ.
ಗಾಜಿಗೆ ಚಮಚ ತಾಗಿಸಿ ಕಳಿಸಿದೆ.
ಯಾವುದೂ ಒಪ್ಪಲಿಲ್ಲ.
ರಾತ್ರಿ ಟೇಕ್ ನಾಲ್ಕನ್ನು ಮತ್ತೆ ಕಿವಿಗೆ ಹಾಕಿಕೊಂಡೆ.
ಅಷ್ಟು ಗದ್ದಲದ ಅಡಿಯಲ್ಲಿ, ಹೇಗೆ ಸಿಕ್ಕಿತೋ,
ಒರಟು ಚೀಟಿಯ ಮೇಲೆ ಪೆನ್ನು,
ಸರ್ರ್.
ಕತ್ತರಿಸಿ ತೊಳೆದು ಕಳಿಸಿದೆ, ಯಾರದೆಂದು ಹೇಳದೆ.
‘ಇದೇ! ಯಾಕೋ ಕೇಳಿದರೆ ನಂಬಿಕೆ ಬರುತ್ತದೆ’
ಎಂದು ಬಂತು ಉತ್ತರ.

ಎಬೊ ಅವತ್ತು ಸಂಜೆಯೇ ಕೈಯೊಡ್ಡಿ
ಕೂಲಿ ಎಣಿಸಿಕೊಂಡು ಹೋಗಿದ್ದ.
ನನ್ನ ಬಿಲ್ಲಿಗೆ ‘ಮೂವತ್ತು ದಿನದೊಳಗೆ’ ಎಂದಿದ್ದಾರೆ.
ಗೋಡೆಗೆ ಚೌಕ ಬರೆದುಕೊಂಡಿದ್ದೇನೆ,
ದಿನಕ್ಕೊಂದು ಗೆರೆ.
ಗೋಡೆ ಮುಗಿದು
ಈಗ ಬಾಗಿಲಿಗೆ ಬಂದಿದ್ದೇನೆ.